ರೇಸ್ ಟ್ರ್ಯಾಕಿನಲ್ಲಿ ಮೊದಲ ದಿನ

ಕಾರಿನ ವೇಗವನ್ನು ಪ್ರೀತಿಸುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಆ ಆಸೆಯನ್ನು ತೀರಿಸಿಕೊಳ್ಳಲು ಅವರು ಆರಿಸಿಕೊಳ್ಳುವ ಜಾಗ ಮಾತ್ರ ತಪ್ಪು. ನಡುರಾತ್ರಿಯಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದ ರಸ್ತೆಯಾಗಲಿ, ಮೈಸೂರು ಹೆದ್ದಾರಿಯಾಗಲಿ, ಮುಂದೆ ಯಾವ ಲಾರಿ ದೀಪವಿಲ್ಲದೆ ನಿಂತಿದೆ, ಯಾರು ರಸ್ತೆ ದಾಟುತ್ತಿದ್ದಾರೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಸಾರ್ವಜನಿಕ ಸ್ಥಳದಲ್ಲಿ ವೇಗದ ಪೈಪೋಟಿ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಜೈಲಿಗೂ ದಾರಿಯಾಗಬಲ್ಲ ಅಪರಾಧ. ಅದೇ ಕಾರನ್ನು, ಅದೇ ಉತ್ಸಾಹದಿಂದ, ಎದುರಿಗೆ ವಾಹನ ಬಾರದ, ದನ ನಾಯಿಗಳು ಅಡ್ಡ ನುಗ್ಗದ, ಆಂಬುಲೆನ್ಸ್ ಸಿದ್ಧವಾಗಿ ನಿಂತಿರುವ ಜಾಗದಲ್ಲಿ ಓಡಿಸಲು ಒಂದು ದಾರಿಯಿದೆ. ಅದೇ ಟ್ರ್ಯಾಕ್ ಡೇ. ರೇಸ್ ಟ್ರ್ಯಾಕನ್ನು ಒಂದು ದಿನದ ಮಟ್ಟಿಗೆ ಸಾಮಾನ್ಯ ಚಾಲಕರಿಗೆ, ಅವರ ಸ್ವಂತ ಕಾರುಗಳಿಗೆ ಶುಲ್ಕ ಪಡೆದು ತೆರೆದಿಡುವ ಏರ್ಪಾಡು ಇದು.

ದಕ್ಷಿಣ ಭಾರತದಲ್ಲಿ ಇದಕ್ಕೆ ಹಳೆಯ ನೆಲೆ ಚೆನ್ನೈ. ಮೊದಲು ಅಲ್ಲಿನ ಶೋಳವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ಏರ್‌ಸ್ಟ್ರಿಪ್ ಮೇಲೆ ರೇಸ್‌ಗಳು ನಡೆಯುತ್ತಿದ್ದವು. 1990ರಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈನಲ್ಲಿ ತನ್ನದೇ ಟ್ರ್ಯಾಕ್ ತೆರೆಯಿತು. 3.717 ಕಿಲೋಮೀಟರ್ ಉದ್ದ, 12 ತಿರುವು. ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿ ಎರಡು ಕಿಲೋಮೀಟರಿಗಿಂತ ತುಸು ಹೆಚ್ಚಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಮಾರುತಿ ಎಂಜಿನ್ ಕೂರಿಸಿ ಕಡಿಮೆ ಖರ್ಚಿನ ರೇಸ್ ಕಾರುಗಳನ್ನು ಕಟ್ಟಿ, ಎಷ್ಟೋ ಹುಡುಗರಿಗೆ ಈ ಕ್ರೀಡೆಯ ಬಾಗಿಲು ತೆರೆದ ಕರಿವರ್ಧನ್ ಅವರ ಹೆಸರು ಅದಕ್ಕೆ. ಬೆಂಗಳೂರಿನವರು ಹೆಚ್ಚಾಗಿ ಹೋಗುವುದು ಈ ಎರಡು ಜಾಗಗಳಿಗೇ. ಇರುಂಗಾಟ್ಟುಕೋಟ್ಟೈಗೆ ಹೊಸೂರು, ಕೃಷ್ಣಗಿರಿ, ವೆಲ್ಲೂರಿನ ಮೇಲೆ ಮುನ್ನೂರು ಕಿಲೋಮೀಟರಿನ ದಾರಿ. ಓಡಿಸಿಕೊಂಡು ಹೋದ ಕಾರಿನಲ್ಲೇ ಮನೆಗೆ ವಾಪಸ್ ಬರಬೇಕು. ಇದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಟ್ರ್ಯಾಕ್ ಡೇ ರೇಸ್ ಅಲ್ಲ. ಅಲ್ಲಿ ಯಾರಿಗೂ ಮೊದಲನೆಯ ಸ್ಥಾನವಿಲ್ಲ. ಅನುಭವ ನೋಡಿ ಗುಂಪು ಮಾಡುತ್ತಾರೆ. ಒಂದೊಂದು ಗುಂಪನ್ನು ಹದಿನೈದು ಇಪ್ಪತ್ತು ನಿಮಿಷ ಒಳಗೆ ಬಿಡುತ್ತಾರೆ. ಮೊದಲ ಸಲ ಹೋಗುವವರು ತಯಾರಿ ಎಂದರೆ ಎಂಜಿನ್ನಿನ ತಾಕತ್ತು ಹೆಚ್ಚಿಸುವುದು ಎಂದುಕೊಂಡು ಏರ್ ಫಿಲ್ಟರ್, ಸೈಲೆನ್ಸರ್ ಎಂದು ಹಣ ಸುರಿಯುತ್ತಾರೆ. ಕಂಪನಿಯಿಂದ ಬಂದ ಎಂಜಿನ್ ಹೊಸಬರಿಗೆ ಬೇಕಾದಷ್ಟಾಯಿತು, ಅದರ ಮೇಲೂ ಉಳಿಯುತ್ತದೆ. ಟ್ರ್ಯಾಕ್ ಪರೀಕ್ಷೆ ಮಾಡುವುದು ಕಾರು ಎಷ್ಟು ಜೋರಾಗಿ ಓಡುತ್ತದೆ ಎನ್ನುವುದನ್ನಲ್ಲ, ಎಷ್ಟು ಸಲ ನಿಲ್ಲಬಲ್ಲದು ಎನ್ನುವುದನ್ನು. ಹಾಗಾಗಿ ಇವತ್ತು ನಾನು ಹೆಚ್ಚು ಮಾತಾಡುವುದು ಬ್ರೇಕಿನ ಬಗ್ಗೆ.

ಚಾಲಕನೂ ಸೇರಿ 1,200 ಕೆ.ಜಿ. ತೂಗುವ ಸಣ್ಣ ಕಾರು ಗಂಟೆಗೆ 140 ಕಿಲೋಮೀಟರಿನಲ್ಲಿ ನೇರ ಹಾದಿಯ ತುದಿಗೆ ಬಂದಿದೆ ಎನ್ನಿ. ತಿರುವಿಗೆ ಮೊದಲು ಅದು 60ಕ್ಕೆ ಇಳಿಯಬೇಕು, ಅದೂ ಮೂರು ನಾಲ್ಕು ಸೆಕೆಂಡಿನೊಳಗೆ. ಅಷ್ಟರಲ್ಲಿ ಬ್ರೇಕುಗಳು ನುಂಗಬೇಕಾದ ಶಕ್ತಿಯನ್ನು ಲೆಕ್ಕ ಹಾಕಿದರೆ, ಎರಡು ಲೀಟರಿಗಿಂತ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅದು ಸಾಕು. ಅಷ್ಟೂ ಶಾಖವಾಗಿ ಡಿಸ್ಕು, ಪ್ಯಾಡುಗಳಿಗೆ ಸೇರುತ್ತದೆ. ಬ್ರೇಕ್ ಹಾಕಿದಾಗ ಕಾರಿನ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಪಾಲು ಮುಂದಿನ ಎರಡು ಚಕ್ರಗಳದ್ದು. ಪೇಟೆಯಲ್ಲಿ ಹೀಗೆ ಒಮ್ಮೆ ಬ್ರೇಕ್ ಹಾಕಿದರೆ ಆರಲು ಬೇಕಾದಷ್ಟು ಸಮಯವಿರುತ್ತದೆ. ಟ್ರ್ಯಾಕಿನಲ್ಲಿ ಒಂದೇ ಸುತ್ತಿನಲ್ಲಿ ಇಂಥ ತಿರುವು ಮತ್ತೆ ಮತ್ತೆ ಬರುತ್ತದೆ, ಸುತ್ತಿನ ಮೇಲೆ ಸುತ್ತು.

ಇಲ್ಲಿ ಮೊದಲು ಕೈಕೊಡುವುದು ಬ್ರೇಕ್ ಆಯಿಲ್. ಬಾನೆಟ್ ಎತ್ತಿದರೆ ಚಾಲಕನ ಕಡೆಗೆ, ಹಿಂಬದಿಯಲ್ಲಿ, ಅರೆಪಾರದರ್ಶಕವಾದ ಚಿಕ್ಕ ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಹೊಸ ಆಯಿಲ್ ತೆಳು ಹಳದಿ. ವರ್ಷಗಳು ಕಳೆದಂತೆ ಅದು ಕಂದುಬಣ್ಣಕ್ಕೆ ತಿರುಗುತ್ತದೆ. ಆದರೆ ಬಣ್ಣವನ್ನಷ್ಟೇ ನಂಬಬೇಡಿ. ನಿಜವಾದ ಶತ್ರು ಕಣ್ಣಿಗೆ ಕಾಣುವುದಿಲ್ಲ. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿರುವ ಡಾಟ್ 3 ಬಗೆಯದು ಹೊಸದಿದ್ದಾಗ ಕಡಿಮೆಯೆಂದರೂ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230. ನೂರರಲ್ಲಿ ನಾಲ್ಕು ಪಾಲಿನಷ್ಟೂ ನೀರು ಸೇರದಿರುವಾಗಲೇ ಈ ಮಿತಿ 140ಕ್ಕೂ 155ಕ್ಕೂ ಕುಸಿಯುತ್ತದೆ. ಆಯಿಲ್ ಕುದಿದರೆ ಕೊಳವೆಯೊಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವ ಅದುಮಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಗುಳ್ಳೆ ಕುಗ್ಗಿಸುವುದಕ್ಕೇ ಖರ್ಚಾಗಿ ಪೆಡಲ್ ಮೆತ್ತಗೆ ನೆಲ ಮುಟ್ಟುತ್ತದೆ. ಕಾರು ಓಡುತ್ತಲೇ ಇರುತ್ತದೆ.

ಹಾಗಾಗಿ ಹೋಗುವ ವಾರ ಹಳೆಯ ಆಯಿಲ್ ಪೂರ್ತಿ ತೆಗೆಸಿ, ಕಾರಿನ ಕೈಪಿಡಿ ಒಪ್ಪುವುದಾದರೆ ಒಳ್ಳೆಯ ಡಾಟ್ 4 ಹಾಕಿಸಿ, ನಾಲ್ಕೂ ಚಕ್ರಗಳ ಬ್ರೇಕ್ ಕೊಳವೆಯೊಳಗಿನ ಏರ್ ತೆಗೆಸಿ. "ಇದಕ್ಕೇನಾಗಿದೆ ಸರ್, ಚೆನ್ನಾಗೇ ಇದೆಯಲ್ಲ" ಎಂದು ಮೆಕ್ಯಾನಿಕ್ ಹೇಳಬಹುದು. ಅವನ ದೃಷ್ಟಿಯಲ್ಲಿ, ಪೇಟೆಯ ಓಡಾಟಕ್ಕೆ ಅದು ನಿಜ. ಟ್ರ್ಯಾಕಿಗೆ ಹೋಗುತ್ತಿದ್ದೇನೆ ಎಂದು ಬಿಡಿಸಿ ಹೇಳಿ, ಪಕ್ಕದಲ್ಲಿ ನಿಂತು ಮಾಡಿಸಿ. ಅರ್ಧಕ್ಕಿಂತ ಹೆಚ್ಚು ಸವೆದ ಪ್ಯಾಡುಗಳನ್ನೂ ಬದಲಿಸಿ: ಪ್ಯಾಡ್ ತೆಳುವಾದಷ್ಟೂ ಶಾಖ ಬೇಗ ಆಯಿಲ್‌ವರೆಗೆ ತಲುಪುತ್ತದೆ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಸ್ವಲ್ಪ ದೂರ ಬೇಕು, ಆದ್ದರಿಂದ ಹಿಂದಿನ ಸಂಜೆ ಹಾಕಿಸಿಕೊಂಡು ಹೊರಡಬೇಡಿ. ಪ್ಯಾಡೇ ಮಿತಿಮೀರಿ ಕಾದರೆ ಲಕ್ಷಣ ಬೇರೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ತುಳಿದರೂ ಕಾರು ನಿಲ್ಲುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಎರಡರಲ್ಲಿ ಯಾವುದು ಕಂಡರೂ ಆ ಸುತ್ತನ್ನೇ ಕೊನೆಯದು ಮಾಡಿ ನಿಧಾನವಾಗಿ ಪಿಟ್‌ಗೆ, ಅಂದರೆ ಟ್ರ್ಯಾಕಿನ ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ, ಬನ್ನಿ.

ಪಿಟ್‌ಗೆ ಬಂದ ಮೇಲೆ ಹೊಸಬರಿಗೆ ಗೊತ್ತಿರದ ಸಂಗತಿ ಒಂದಿದೆ. ಕಾರು ನಿಲ್ಲಿಸಿದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆಯಬಾರದು. ಬೆಂಕಿಯಂತೆ ಕಾದ ಪ್ಯಾಡು ಕಾದ ಡಿಸ್ಕಿಗೆ ಅಂಟಿ ನಿಂತರೆ ಆ ಜಾಗದಲ್ಲಿ ಪ್ಯಾಡಿನ ಪದರ ಕೂತುಬಿಡುತ್ತದೆ, ಮುಂದೆ ಬ್ರೇಕ್ ಹಾಕಿದಾಗಲೆಲ್ಲ ಕಾರು ನಡುಗುತ್ತದೆ. ಕೊನೆಯ ಸುತ್ತನ್ನು ಬ್ರೇಕ್ ಹೆಚ್ಚು ಮುಟ್ಟದೆ ಆರಾಮವಾಗಿ ಓಡಿಸಿ ಎಲ್ಲವನ್ನೂ ಆರಲು ಬಿಡಿ. ಆಮೇಲೆ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಮರದ ತುಂಡು ಕೊಡಿ.

ಟೈರಿನ ವಿಷಯಕ್ಕೆ ಬರೋಣ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು ಎಂದರ್ಥ. ಟ್ರೆಡ್ ಎಷ್ಟೇ ಆಳವಿರಲಿ, ವಯಸ್ಸಾಗಿ ಗಡುಸಾದ ರಬ್ಬರು ಹಿಡಿತ ಕೊಡುವುದಿಲ್ಲ. ಪಕ್ಕ ಉಬ್ಬಿದ, ಬಿರುಕು ಬಿಟ್ಟ ಟೈರಿನಲ್ಲಿ ಟ್ರ್ಯಾಕಿನ ಕಡೆ ಮುಖ ಮಾಡಲೇಬೇಡಿ. ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ, ಕಂಪನಿ ಹೇಳಿದಷ್ಟೇ ಇಡಿ. ಒಳಗಿನ ಗಾಳಿ 30 ಡಿಗ್ರಿಯಿಂದ 75 ಡಿಗ್ರಿಗೆ ಕಾದರೆ 32 ಪಿಎಸ್‌ಐ ಇದ್ದದ್ದು 39ರ ಹತ್ತಿರ ಹೋಗುತ್ತದೆ. ಟೈರು ಉಬ್ಬಿ ನೆಲ ಮುಟ್ಟುವ ಭಾಗ ಕಡಿಮೆಯಾಗಿ ಕಾರು ಜಾರತೊಡಗುತ್ತದೆ. ಅದಕ್ಕೇ ಪ್ರತಿ ಸಲ ಹೊರಬಂದಾಗ ಅಳೆದು, ನಾಲ್ಕರಲ್ಲೂ ಸಮನಾಗಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಒಂದು ಒಳ್ಳೆಯ ಗೇಜ್ ಜೊತೆಗಿರಲಿ. ಚಕ್ರದ ನಟ್‌ಗಳನ್ನು ಕಾಲಿನಿಂದ ತುಳಿದು ಬಿಗಿ ಮಾಡುವ ಪಂಚರ್ ಅಂಗಡಿಯ ಪದ್ಧತಿ ಇಲ್ಲಿಗೆ ಬೇಡ. ಟಾರ್ಕ್ ವ್ರೆಂಚ್ ಹಿಡಿದು, ಕೈಪಿಡಿಯಲ್ಲಿ ಬರೆದಷ್ಟೇ ಬಿಗಿ ಮಾಡಿ.

ಉಳಿದದ್ದು ಬೇಗ ಮುಗಿಯುವ ಕೆಲಸ. ಎಂಜಿನ್ ಆಯಿಲ್ ಮೇಲಿನ ಗೆರೆಯ ಹತ್ತಿರ ಇರಲಿ, ದಾಟದಿರಲಿ. ತಿರುವಿನಲ್ಲಿ ಆಯಿಲ್ ಒಂದು ಕಡೆಗೆ ಸರಿದಾಗ ಕೊರತೆಯಾಗಬಾರದು. ಕೂಲೆಂಟ್ ಸೋರುತ್ತಿಲ್ಲವೆಂದು ಖಚಿತ ಮಾಡಿಕೊಳ್ಳಿ. ಬ್ಯಾಟರಿ ಅಲುಗಾಡಬಾರದು. ಪೆಟ್ರೋಲ್ ರಸ್ತೆಯಲ್ಲಿ ಖರ್ಚಾಗುವುದರ ಎರಡು ಮೂರು ಪಟ್ಟು ಖರ್ಚಾಗುತ್ತದೆ, ಹತ್ತಿರದ ಬಂಕ್ ಎಲ್ಲಿದೆ ನೋಡಿಟ್ಟುಕೊಳ್ಳಿ. ಡಿಕ್ಕಿಯಲ್ಲಿರುವ ಜಾಕಿ, ಸ್ಟೆಪ್ನಿ, ಸೀಟಿನ ಕೆಳಗಿನ ನೀರಿನ ಬಾಟಲಿ, ಚಾಲಕನ ಕಡೆಯ ಮ್ಯಾಟ್, ಎಲ್ಲವನ್ನೂ ಹೊರಗಿಡಿ. ಉರುಳಿ ಬಂದ ಒಂದು ಬಾಟಲಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿದರೆ ಮೇಲೆ ಹೇಳಿದ ಎಲ್ಲ ತಯಾರಿ ವ್ಯರ್ಥ.

ಇನ್ಶೂರೆನ್ಸ್ ಪಾಲಿಸಿಯನ್ನು ತೆಗೆದು ಓದಿ. ನಮ್ಮ ಖಾಸಗಿ ಕಾರುಗಳ ಪಾಲಿಸಿಯಲ್ಲಿ ಸಂಘಟಿತ ರೇಸ್, ವೇಗ ಪರೀಕ್ಷೆಗಳಿಗೆ ಬಳಸಿದರೆ ರಕ್ಷಣೆಯಿಲ್ಲ ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಟ್ರ್ಯಾಕಿನಲ್ಲಿ ಬಂಪರ್ ಒಡೆದರೆ ಖರ್ಚು ನಿಮ್ಮದು ಎಂದೇ ತಿಳಿದು ಹೊರಡಿ. ಸಾಲದ ಕಂತು ಇನ್ನೂ ಕಟ್ಟುತ್ತಿರುವ ಕಾರಿನ ಬಗ್ಗೆ ಮನೆಯವರೊಂದಿಗೆ ಮಾತಾಡಿ ನಿರ್ಧರಿಸುವುದು ನ್ಯಾಯ.

ಈಗ ಚಾಲಕ. ಹೆಲ್ಮೆಟ್ ಮುಖ ಪೂರ್ತಿ ಮುಚ್ಚುವಂಥದ್ದಿರಲಿ. ಯಾವ ಬಗೆ ನಡೆಯುತ್ತದೆ ಎಂದು ನಡೆಸುವವರನ್ನು ಮೊದಲೇ ಕೇಳಿ. ತುಂಬುತೋಳಿನ ಹತ್ತಿಯ ಬಟ್ಟೆ, ಪೆಡಲ್ ಅರಿವಾಗುವಂಥ ತೆಳು ಅಟ್ಟೆಯ ಶೂ. ಸೀಟನ್ನು ಮುಂದಕ್ಕೆ ತನ್ನಿ: ಬೆನ್ನು ಸೀಟಿಗೆ ತಾಗಿರುವಾಗಲೇ ಮಣಿಕಟ್ಟು ಸ್ಟೇರಿಂಗಿನ ಮೇಲ್ತುದಿಯಲ್ಲಿ ಕೂರಬೇಕು, ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ತುಸು ಮಡಿಚಿರಬೇಕು. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಆಂಬೂರಿನ ಬಿರಿಯಾನಿಯನ್ನು ವಾಪಸ್ ಬರುವ ದಾರಿಗೆ ಉಳಿಸಿಕೊಳ್ಳಿ. ಚೆನ್ನೈ ಬಿಸಿಲಿನಲ್ಲಿ ಹೆಲ್ಮೆಟ್ಟಿನೊಳಗೆ ಬೆವರು ಹರಿಯುತ್ತದೆ, ಬಾಯಾರುವ ಮೊದಲೇ ನೀರು, ಮಜ್ಜಿಗೆ ಕುಡಿಯುತ್ತಿರಿ.

ಬೆಳಿಗ್ಗೆ ತಿಳಿವಳಿಕೆ ಹೇಳುವ ಸಭೆ ಇರುತ್ತದೆ. ಅದನ್ನು ತಪ್ಪಿಸಿಕೊಂಡವರನ್ನು ಒಳಗೆ ಬಿಡಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಾವುಟಗಳನ್ನು ಅಲ್ಲಿ ವಿವರಿಸುತ್ತಾರೆ. ಹಳದಿ ಕಂಡರೆ ಮುಂದೆ ಅಪಾಯ, ನಿಧಾನಿಸಿ, ಯಾರನ್ನೂ ಹಿಂದಿಕ್ಕಬೇಡಿ. ಕೆಂಪು ಕಂಡರೆ ಎಲ್ಲರೂ ವೇಗ ಇಳಿಸಿ ಪಿಟ್‌ಗೆ. ನೀಲಿ ಎಂದರೆ ಹಿಂದೆ ನಿಮಗಿಂತ ವೇಗದ ಕಾರು ಬಂದಿದೆ. ಕಪ್ಪು ತೋರಿಸಿದ್ದು ನಿಮಗಾದರೆ ಒಳಗೆ ಬಂದು ಕಾರಣ ಕೇಳಿ. ಹಿಂದಿಕ್ಕುವುದು ಸಾಮಾನ್ಯವಾಗಿ ನೇರ ಹಾದಿಯಲ್ಲಿ ಮಾತ್ರ, ಮುಂದಿನವರು ಕೈ ತೋರಿಸಿದ ಮೇಲೆ. ಹಾರ್ನ್ ಹೊಡೆದು, ಸಿಕ್ಕ ಸಂದಿಯಲ್ಲಿ ಎಡದಿಂದ ನುಗ್ಗುವುದನ್ನು ಅಭ್ಯಾಸ ಮಾಡಿಕೊಂಡ ನಮಗೆ ಇದು ಮೊದಮೊದಲು ಕಷ್ಟ. ನಿಮ್ಮನ್ನು ಯಾರಾದರೂ ದಾಟುವಾಗ ಗಾಬರಿಯಾಗಿ ಪಕ್ಕಕ್ಕೆ ಸರಿಯಬೇಡಿ. ನಿಮ್ಮ ದಾರಿಯಲ್ಲೇ ನೀವಿದ್ದರೆ ಹಿಂದಿನವರಿಗೆ ನಿಮ್ಮ ನಡೆ ತಿಳಿಯುತ್ತದೆ.

ಕಲಿಯಲು ಎಲ್ಲಕ್ಕಿಂತ ಹೊತ್ತು ಹಿಡಿಯುವುದು ಕಣ್ಣು. ಪೇಟೆಯಲ್ಲಿ ನಮ್ಮ ನೋಟ ಮುಂದಿನ ಆಟೋದ ಹಿಂಬದಿಗೆ ಅಂಟಿರುತ್ತದೆ. ಟ್ರ್ಯಾಕಿನಲ್ಲಿ ಬ್ರೇಕ್ ಹಾಕುವ ಹೊತ್ತಿಗೆ ಕಣ್ಣು ತಿರುವಿನ ಒಳಂಚಿಗೆ, ಒಳಂಚು ತಲುಪುವ ಮೊದಲೇ ಹೊರದಾರಿಗೆ ಹೋಗಿರಬೇಕು. ಕಣ್ಣು ಹೋದ ಕಡೆ ಕೈ, ಕೈ ಹೋದ ಕಡೆ ಕಾರು. ಬ್ರೇಕನ್ನು ಕಾರು ನೇರವಿರುವಾಗಲೇ ಮುಗಿಸಿ. ಟೈರಿನ ಹಿಡಿತಕ್ಕೆ ಮಿತಿಯಿದೆ. ಅದೆಲ್ಲ ಬ್ರೇಕಿಗೇ ಖರ್ಚಾದರೆ ತಿರುಗಲು ಉಳಿಯುವುದಿಲ್ಲ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ಕಿತ್ತರೆ ಭಾರ ಮುಂದಕ್ಕೆ ಬಿದ್ದು ಹಿಂಚಕ್ರ ಜಾರುತ್ತದೆ. ಕಾರು ಗಿರಕಿ ಹೊಡೆಯಲು ಶುರುವಾಯಿತೆಂದರೆ ಕ್ಲಚ್, ಬ್ರೇಕ್ ಎರಡನ್ನೂ ಪೂರ್ತಿ ತುಳಿಯಿರಿ. ಎರಡು ಚಕ್ರ ಮಣ್ಣಿಗಿಳಿದರೆ ಸ್ಟೇರಿಂಗನ್ನು ಗಬಕ್ಕನೆ ಎಳೆಯಬೇಡಿ, ನೇರ ಹೋಗಲು ಬಿಟ್ಟು ವೇಗ ಇಳಿಸಿ.

ಮೊದಲ ಸರದಿಯಲ್ಲಿ ಅರ್ಧ ವೇಗದಲ್ಲಿ ದಾರಿ ಕಲಿಯಿರಿ. ತರಬೇತುದಾರರು ಸಿಕ್ಕರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಬಿಡಿಭಾಗಕ್ಕೆ ಸುರಿಯುವ ಹಣಕ್ಕಿಂತ ಅವರಿಗೆ ಕೊಟ್ಟದ್ದು ಹೆಚ್ಚು ಫಲ ಕೊಡುತ್ತದೆ. ಮಧ್ಯಾಹ್ನದ ನಂತರ ಮೈ ದಣಿದರೂ ಧೈರ್ಯ ಏರಿರುತ್ತದೆ. ಕೊನೆಯ ಸರದಿ ಬಿಟ್ಟುಬಿಡಬೇಕೆನಿಸಿದರೆ ಸಂಕೋಚವಿಲ್ಲದೆ ಬಿಡಿ.

ಹೊರಡುವ ಮೊದಲು ಟೈರುಗಳಿಗೆ ಇಳಿಸಿದ ಗಾಳಿಯನ್ನು ಮತ್ತೆ ತುಂಬಿಸಿ, ಚಕ್ರಗಳು ತಣ್ಣಗಾದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ನೋಡಿ, ಪ್ಯಾಡು ಎಷ್ಟು ಉಳಿದಿದೆ ಎಂದು ಇಣುಕಿ. ದಿನವಿಡೀ 140ರಲ್ಲಿ ಓಡಿದ ಕಣ್ಣಿಗೆ ಹೆದ್ದಾರಿಯ 100 ಆಮೆನಡಿಗೆಯಾಗಿ ಕಾಣುತ್ತದೆ. ಆದ್ದರಿಂದ ಮೊದಲ ಒಂದು ಗಂಟೆ ಸ್ಪೀಡೋಮೀಟರ್ ನೋಡಿಕೊಂಡೇ ಓಡಿಸಿ, ಇಲ್ಲವೇ ಗೆಳೆಯರ ಕೈಗೆ ಕೀಲಿ ಕೊಡಿ. ವೆಲ್ಲೂರಿನ ಆಚೆ ರಾತ್ರಿಯಾದರೆ ಅಲ್ಲೇ ಉಳಿದು ಬೆಳಿಗ್ಗೆ ಬನ್ನಿ. ಊರಿಗೆ ಬಂದ ವಾರದೊಳಗೆ ಕಾರನ್ನು ಅದೇ ಮೆಕ್ಯಾನಿಕ್ ಹತ್ತಿರ ಒಯ್ದು, ಬ್ರೇಕ್ ಪೆಡಲ್ ಸ್ವಲ್ಪವೇ ಮೆತ್ತಗಾಗಿದ್ದರೂ ಬ್ರೇಕಿನ ಏರ್ ಮತ್ತೊಮ್ಮೆ ತೆಗೆಸಿ.