ಮಸಾರಿಗೆ ಒಂದು ಬದು, ಎರೆಗೆ ಇನ್ನೊಂದು: ಕೋಗಳಿ ಸೀಮೆಯ ಮಣ್ಣು ಮತ್ತು ನಮ್ಮ ಕ್ರಿಯಾ ಯೋಜನೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಕೋಗಳಿ ಇಂದು ಒಂದು ಗ್ರಾಮ. ಶಾಸನಗಳ ಕಾಲದಲ್ಲಿ ‘ಕೋಗಳಿ ಐನೂರು’ ಎಂಬ ನಾಡಿಗೆ ಹೆಸರು ಕೊಟ್ಟ ಊರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಈ ಸೀಮೆ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಒಂದೇ ಜಿಲ್ಲಾ ಪಂಚಾಯಿತಿಯ ವ್ಯಾಪ್ತಿಗೆ ಬಂದಿದೆ. ಆಡಳಿತ ಒಂದಾದರೂ ಮಣ್ಣು ಒಂದಾಗಿಲ್ಲ. ಆದರೆ ನಮ್ಮ ಅಂದಾಜು ಪಟ್ಟಿಗಳು ಮಣ್ಣೆಲ್ಲವೂ ಒಂದೇ ಎಂಬಂತೆ ಸಿದ್ಧವಾಗುತ್ತಿವೆ. ಇಂದು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಈ ವಿಷಯವನ್ನೇ.

ಎಂಜಿನಿಯರಿಂಗ್ ಪಠ್ಯದಲ್ಲಿ ಮಣ್ಣೆಂದರೆ ಕಟ್ಟಡದ ಭಾರ ಹೊರುವ ವಸ್ತು. ರೈತನಿಗೆ ಅದು ನೀರು ಹಿಡಿದಿಡುವ ಪಾತ್ರೆ. ವಾಡಿಕೆಯಲ್ಲಿ ನಮ್ಮವರು ಅದನ್ನು ಮಸಾರಿ, ಎರೆ ಎಂದು ಎರಡಾಗಿ ವಿಂಗಡಿಸಿದ್ದಾರೆ. ಕಲ್ಲುಬಂಡೆಗಳ ನಾಡಾದ ಕೂಡ್ಲಿಗಿಯ ಕಡೆ ಹೆಚ್ಚಾಗಿ ಮಸಾರಿ. ಗ್ರಾನೈಟ್ ಮತ್ತು ನೈಸ್ ಶಿಲೆಗಳು ಸವೆದು ಆದ ಈ ಮಣ್ಣಿಗೆ ಕಬ್ಬಿಣದ ಆಕ್ಸೈಡಿನಿಂದ ಕೆಂಪು ಬಣ್ಣ. ಮರಳಿನ ಅಂಶ ಅಧಿಕವಾದ್ದರಿಂದ ನೀರು ಬೇಗ ಇಂಗುತ್ತದೆ, ಬೇಗ ಆರುತ್ತದೆ. ಸಾವಯವ ಇಂಗಾಲ, ಸಾರಜನಕ, ರಂಜಕಗಳು ಕಡಿಮೆ. ಜೋರು ಮಳೆ ಬಂದು ಬಿಸಿಲು ಬಿದ್ದರೆ ಮೇಲ್ಪದರ ಗಟ್ಟಿಯಾಗಿ ಮೊಳಕೆ ಹೊರಬರಲು ತಿಣುಕುತ್ತದೆ. ಶೇಂಗಾ, ಸಜ್ಜೆ, ರಾಗಿ, ನವಣೆ, ಹುರುಳಿ, ಔಡಲ ಇಲ್ಲಿಯ ಹಳೆಯ ಬೆಳೆಗಳು. ನೀರು ನಿಲ್ಲದ ಇಂಥ ನೆಲವೇ ಮಲ್ಲಿಗೆಯ ಬೇರಿಗೂ ಹಿತ; ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿರುವುದನ್ನು ತಾವು ಬಲ್ಲಿರಿ.

ತುಂಗಭದ್ರೆಯ ದಂಡೆಯತ್ತ ಸರಿದಂತೆ ಎರೆ ಕಾಣಿಸಿಕೊಳ್ಳುತ್ತದೆ. ಇದರ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹಿಂಗಾರಿನಲ್ಲಿ ಮಳೆಯಿಲ್ಲದೆಯೂ ಒಳಗಿನ ತೇವದ ಬಲದ ಮೇಲೆ ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬೆಳೆಯಬಹುದಾದ ನೆಲ ಇದು.

ಈಗ ಕಾಮಗಾರಿಯ ಮಾತಿಗೆ ಬರುತ್ತೇನೆ. ಮಸಾರಿಯಲ್ಲಿ ಸಮಪಾತಳಿ ಬದು ಹಾಕಿದರೆ ಹರಿಯುವ ನೀರು ಅಲ್ಲಿಯೇ ನಿಂತು ಇಂಗುತ್ತದೆ. ಇದು ಸರಿಯಾದ ಕೆಲಸ. ಅದೇ ಬದುವನ್ನು ಆಳವಾದ ಎರೆಯಲ್ಲಿ ಹಾಕಿದರೆ ನೀರು ಇಂಗದೆ ಬದುವಿನ ಹಿಂದೆ ನಿಂತು ಬೆಳೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಬದುವೇ ಬಿರುಕು ಬಿಟ್ಟು ಮೊದಲ ದೊಡ್ಡ ಮಳೆಗೆ ಒಡೆದುಹೋಗುತ್ತದೆ. ಒಡೆದ ಜಾಗದಲ್ಲಿ ಕೊರಕಲು ಬಿದ್ದು ಕೆಳಗಿನ ಹೊಲದವರಿಗೂ ಹಾನಿ. ಎರೆಗೆ ಬೇಕಾದುದು ಸಣ್ಣ ಇಳಿಜಾರು ಕೊಟ್ಟ ಬದು ಮತ್ತು ಹೆಚ್ಚಿನ ನೀರು ಹೊರಹೋಗಲು ಕಲ್ಲಿನ ಕೋಡಿ. ಬಳ್ಳಾರಿಯಲ್ಲಿ 1954ರಿಂದ ಕಪ್ಪುಮಣ್ಣಿನ ಸಂರಕ್ಷಣೆಗೆಂದೇ ಸಂಶೋಧನಾ ಕೇಂದ್ರವೊಂದಿದೆ; ಆದ್ದರಿಂದ ಇದು ನಮ್ಮ ಸೀಮೆಗೆ ಹೊಸ ವಿಷಯವಲ್ಲ. ಅಂದಾಜಿನಲ್ಲಿ ಕೋಡಿಯ ಬಾಬತ್ತನ್ನು ಕೈಬಿಟ್ಟು ಉಳಿಸಿದ ಹಣ ಉಳಿತಾಯವಲ್ಲವೆಂದು ನನ್ನ ಅಭಿಪ್ರಾಯ.

ಕೃಷಿ ಹೊಂಡದ್ದು ಇದಕ್ಕೆ ತಿರುಗುಮುರುಗು. ಎರೆಯಲ್ಲಿ ತೋಡಿದ ಹೊಂಡ ನೀರನ್ನು ಬಹುಮಟ್ಟಿಗೆ ಹಿಡಿದಿಡುತ್ತದೆ. ಮಸಾರಿಯಲ್ಲಿ ತೋಡಿದರೆ ಕೆಲವೇ ದಿನಗಳಲ್ಲಿ ಬರಿದು. ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡಕ್ಕೆ ಪಾಲಿಥೀನ್ ಹೊದಿಕೆ ಕೊಟ್ಟ ಕಾರಣವೇ ಇದು. ಹೊದಿಕೆಗೆ ಹಣವಿಲ್ಲದಿದ್ದರೆ ಮಸಾರಿಯಲ್ಲಿ ಅದನ್ನು ಇಂಗುಹೊಂಡವೆಂದೇ ಕರೆದು, ಕೊಳವೆಬಾವಿಗಳಿಗೆ ಸಮೀಪವಾಗುವಂತೆ ಜಾಗ ಆರಿಸುವುದು ಪ್ರಾಮಾಣಿಕ ಕ್ರಮ. ಬೆಳೆಗೆ ನೀರುಣಿಸುವ ಹೊಂಡವೆಂದು ರೈತರಿಗೆ ಆಸೆ ತೋರಿಸುವುದು ತರವಲ್ಲ.

ಕೆರೆಯ ಹೂಳಿನ ಬಗ್ಗೆ ಎರಡು ಮಾತು. ಹೂಳಿನ ಜೇಡಿ ಮಸಾರಿಗೆ ಬಿದ್ದರೆ ತೇವ ಹಿಡಿಯುವ ಶಕ್ತಿ ಹೆಚ್ಚುತ್ತದೆ; ಎರೆಗೆ ಅದರ ಅಗತ್ಯ ಅಷ್ಟಿಲ್ಲ. ಹೀಗಿದ್ದೂ ಹೂಳು ಹೋಗುವುದು ಟ್ರ್ಯಾಕ್ಟರ್ ಇದ್ದವರ ಹೊಲಕ್ಕೆ. ಮಸಾರಿಯ ಸಣ್ಣ ಹಿಡುವಳಿದಾರರಿಗೆ ಮೊದಲ ಆದ್ಯತೆಯೆಂದು ಸಾಮಾನ್ಯ ಸಭೆಯಲ್ಲಿ ನಿರ್ಣಯ ಮಾಡುವ ಅವಕಾಶ ತಮ್ಮ ಕೈಯಲ್ಲಿದೆ. ಹೂಳು ಸವುಳಾಗಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಹೂಳು ಮುಗಿದ ಮೇಲೂ ಅಗೆದು ಕೆರೆಯ ತಳದ ಗಟ್ಟಿಪದರವನ್ನು ಒಡೆಯಲು ಯಾರಿಗೂ ಬಿಡಬಾರದು.

ಬೆಳೆಯ ವಿಷಯದಲ್ಲಿ ಚಿಂತೆಯೊಂದಿದೆ. ಮಸಾರಿಯಲ್ಲಿ ಮೆಕ್ಕೆಜೋಳದ ಮೇಲೆ ಮೆಕ್ಕೆಜೋಳ ಬಿತ್ತುವುದು ರೂಢಿಯಾಗುತ್ತಿದೆ. ಅದು ಭಾರೀ ಹಸಿವಿನ ಬೆಳೆ. ಎಳೆಯ ಎಲೆಗಳಲ್ಲಿ ಅಗಲವಾದ ಬಿಳಿ ಪಟ್ಟೆ ಕಂಡರೆ ಅದು ಸತುವಿನ ಕೊರತೆ. ಯೂರಿಯಾ ಸುರಿದರೆ ವಾಸಿಯಾಗುವ ರೋಗವಲ್ಲ. ಎಕರೆಗೆ 10 ಕಿಲೋ ಸತುವಿನ ಸಲ್ಫೇಟನ್ನು ಡಿಎಪಿಯೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಮಣ್ಣಿಗೆ ಸೇರಿಸಬೇಕು. ಶೇಂಗಾಕ್ಕೆ ಹೂವಾಡುವ ಹೊತ್ತಿಗೆ ಎಕರೆಗೆ 200 ಕಿಲೋ ಜಿಪ್ಸಂ ಕೊಟ್ಟರೆ ಕಾಯಿ ತುಂಬುತ್ತದೆ. ತೊಗರಿ, ಅಲಸಂದೆಗಳನ್ನು ಅಕ್ಕಡಿಯಾಗಿ ಬಿತ್ತುವ ಪದ್ಧತಿಯನ್ನು ನಮ್ಮ ಹಿರಿಯರು ಸುಮ್ಮನೆ ಇಟ್ಟುಕೊಂಡಿರಲಿಲ್ಲ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ವಿವರವಿರುತ್ತದೆ. ಅನೇಕ ಮನೆಗಳಲ್ಲಿ ಅದು ಪಹಣಿಯೊಂದಿಗೆ ಮಡಚಿಟ್ಟ ಕಾಗದವಾಗಿ ಉಳಿದಿದೆ. ಕ್ರಿಯಾ ಯೋಜನೆಗೆ ಹೆಸರು ಸೇರಿಸುವಾಗ ಆ ಚೀಟಿಯನ್ನು ತರಲು ಹೇಳಿರಿ. ಸರ್ವೆ ನಂಬರಿನ ಎದುರಿಗೆ ಮಸಾರಿ, ಎರೆ ಅಥವಾ ಸವುಳು ಎಂದು ಬರೆಯಲು ಒಂದು ಅಂಕಣ ಹೆಚ್ಚಿಸಿದರೆ ಸಾಕು. ಇದಕ್ಕೆ ಯಾವ ಇಲಾಖೆಯ ಮಂಜೂರಾತಿಯೂ ಬೇಕಿಲ್ಲ, ವಾರ್ಡಿನ ಹಿರಿಯ ರೈತರು ಒಂದು ಸಂಜೆಯಲ್ಲಿ ಬರೆಯಿಸಬಲ್ಲರು.

ಚೀಟಿ ಇಲ್ಲದವರು ಸುಗ್ಗಿ ಮುಗಿದ ಮೇಲೆ, ಗೊಬ್ಬರ ಹಾಕುವ ಮೊದಲು ಮಾದರಿ ತೆಗೆಯಲಿ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ಅರ್ಧ ಅಡಿ ಆಳಕ್ಕೆ ಅಗೆದು, ಎಲ್ಲವನ್ನೂ ಬೆರೆಸಿ, ಅರ್ಧ ಕಿಲೋ ಮಣ್ಣನ್ನು ನೆರಳಿನಲ್ಲಿ ಆರಿಸಿ ರೈತ ಸಂಪರ್ಕ ಕೇಂದ್ರಕ್ಕೆ ಕೊಡಬೇಕು. ಬದುವಿನ ಪಕ್ಕದ, ಮರದ ಕೆಳಗಿನ, ತಿಪ್ಪೆ ಇದ್ದ ಜಾಗದ ಮಣ್ಣು ಬೇಡ. ಒಂದೇ ಹೊಲದಲ್ಲಿ ಎರಡು ಬಣ್ಣದ ಮಣ್ಣಿದ್ದರೆ ಎರಡು ಚೀಲ, ಎರಡು ಚೀಟಿ.