ಫಝ್ ಟೆಸ್ಟ್ ಬರೆದರೆ ಸಾಲದು, ಅದು ಬಿಲ್ಡ್ ಆಗಬೇಕು

ಕೆಲವು ವಾರಗಳ ಹಿಂದೆ ನಮ್ಮ ಒಂದು ಸಂಚಿಕೆ ಎರಡು ದಿನ ತಡವಾಗಿ ಬಂತು, ನೆನಪಿದೆಯಾ? ಕೇಳಿದವರಿಗೆಲ್ಲ "ತಾಂತ್ರಿಕ ತೊಂದರೆ" ಅಂತ ಹೇಳಿ ಜಾರಿಕೊಂಡಿದ್ದೆ. ಆ ತೊಂದರೆ ಏನಾಗಿತ್ತು ಅಂತ ಇವತ್ತು ಹೇಳ್ತೀನಿ. ನಾನು ಬಿ.ಕಾಂ ಓದಿದವನು, ಪ್ರೋಗ್ರಾಮರ್ ಅಲ್ಲ. ಹಾಗಾಗಿ ನನಗೆ ಅರ್ಥವಾದ ಹಾಗೇ ಹೇಳ್ತೀನಿ.

ಎಂಪಿ3 ಫೈಲ್‌ನ ಶುರುವಿನಲ್ಲಿ ಸಾಮಾನ್ಯವಾಗಿ ಐಡಿ3 ಟ್ಯಾಗ್ ಅಂತ ಒಂದು ಚೀಟಿ ಇರುತ್ತೆ. ಶೀರ್ಷಿಕೆ, ಹೆಸರು, ಚಿತ್ರ ಎಲ್ಲ ಅದರಲ್ಲೇ. ಆ ಚೀಟಿ ಎಷ್ಟು ಉದ್ದ ಅನ್ನೋದನ್ನೂ ಅದರ ತಲೆಯಲ್ಲೇ ಬರೆದಿರ್ತಾರೆ. ಅದನ್ನು ಓದೋಕೆ ನನ್ನ ಗೆಳೆಯನೊಬ್ಬ ಸಿ ಭಾಷೆಯಲ್ಲಿ ಒಂದು ಪುಟ್ಟ ಲೈಬ್ರರಿ ಬರೆದಿದ್ದಾನೆ. ನನ್ನ ಅಪ್‌ಲೋಡ್ ಕೆಲಸ ಅದರ ಮೇಲೇ ನಡೆಯೋದು. ಆ ದಿನ ಅತಿಥಿಯೊಬ್ಬರು ಕಳಿಸಿದ ಫೈಲ್‌ನಲ್ಲಿ, ಫೈಲ್‌ಗಿಂತ ಚೀಟಿಯೇ ಉದ್ದ ಅಂತ ಬರೆದಿತ್ತು. ಲೈಬ್ರರಿ ಅದನ್ನು ನಂಬಿತು, ಇಲ್ಲದ ಜಾಗವನ್ನು ಓದೋಕೆ ಹೋಯಿತು, ಸತ್ತುಹೋಯಿತು.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಕೂಡ ಇದೇ ಜಾತಿಯ ತಪ್ಪು. ಓಪನ್‌ಎಸ್‌ಎಸ್‌ಎಲ್ ಅನ್ನೋ ಲೈಬ್ರರಿ, ಎದುರಿನವರು ಹೇಳಿದ ಉದ್ದವನ್ನು ಅಳೆದು ನೋಡದೆ ನಂಬಿತ್ತು. ಒಂದೊಂದು ಸಲ ಕೇಳಿದಾಗಲೂ ಸರ್ವರ್‌ನ ನೆನಪಿನಿಂದ 64 ಕಿಲೋಬೈಟ್‌ವರೆಗೆ ಹೊರಗೆ ಸೋರುತ್ತಿತ್ತು. ಪಾಸ್‌ವರ್ಡ್ ಇದ್ದರೆ ಪಾಸ್‌ವರ್ಡ್, ಗುಪ್ತ ಕೀಲಿ ಇದ್ದರೆ ಗುಪ್ತ ಕೀಲಿ.

ಇಂಥ ತಪ್ಪು ಹಿಡಿಯೋ ಒಂದು ವಿಧಾನವೇ ಫಝಿಂಗ್. ಇದರ ಹುಟ್ಟು ಚೆನ್ನಾಗಿದೆ. 1988ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಬಾರ್ಟನ್ ಮಿಲ್ಲರ್ ಒಂದು ಮಳೆಗಾಳಿಯ ರಾತ್ರಿ, ಮನೆಯಿಂದ ಫೋನ್ ಲೈನ್ ಮೂಲಕ ಕಂಪ್ಯೂಟರ್‌ಗೆ ಲಾಗಿನ್ ಆಗಿದ್ದರು. ಲೈನ್‌ನಲ್ಲಿ ಗೊರಗೊರ ಸದ್ದು, ಟೈಪ್ ಮಾಡಿದ್ದರ ನಡುವೆ ಕಸದ ಅಕ್ಷರಗಳು. ಆ ಕಸಕ್ಕೇ ಪ್ರೋಗ್ರಾಮ್‌ಗಳು ಬಿದ್ದುಹೋಗ್ತಿದ್ದವು! ಅವರು ಅದನ್ನೇ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಕೊಟ್ಟರು: ಬೇಕಂತಲೇ ಕಸ ಕೊಡಿ, ಏನಾಗುತ್ತೆ ನೋಡಿ. ಯುನಿಕ್ಸ್‌ನ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಪ್ರೋಗ್ರಾಮ್‌ಗಳು ಕೈಕೊಟ್ಟವು.

ಈಗಿನ ಫಝಿಂಗ್ ಕುರುಡಾಗಿ ಕಸ ಎಸೆಯಲ್ಲ. ಲಿಬ್‌ಫಝರ್‌ನಂಥ ಉಪಕರಣಗಳು ಯಾವ ಇನ್‌ಪುಟ್ ಕೊಟ್ಟಾಗ ಕೋಡ್‌ನ ಹೊಸ ದಾರಿ ತೆರೆದುಕೊಂಡಿತು ಅಂತ ನೋಡಿ, ಅದನ್ನೇ ಇನ್ನಷ್ಟು ತಿರುಚುತ್ತವೆ. ಪ್ರೋಗ್ರಾಮರ್ ಬರೆಯಬೇಕಾದ್ದು ಒಂದು ಪುಟ್ಟ ಫಂಕ್ಷನ್ ಅಷ್ಟೆ: ಇಷ್ಟು ಬೈಟ್ ಬಂತು, ಇದನ್ನು ಲೈಬ್ರರಿಗೆ ಕೊಡು. 

ಹಾಗಾದ್ರೆ ಗೆಳೆಯ ಇದನ್ನು ಯಾಕೆ ಮಾಡಿರಲಿಲ್ಲ? ಕೇಳಿದೆ. "ಮಾಡಿದ್ದೀನಲ್ಲ ಮಾರಾಯ, ನೋಡು" ಅಂತ ಪರದೆ ತೋರಿಸಿದ. ನಿಜ, ಫಝ್ ಟೆಸ್ಟ್ ಇತ್ತು. ಪಕ್ಕದಲ್ಲಿ ಹಸಿರು ಟಿಕ್ ಮಾರ್ಕೂ ಇತ್ತು. ಇಬ್ಬರೂ ಕೂತು ಹುಡುಕಿದೆವು.

ವಿಷಯ ಏನಂದ್ರೆ, ಮಾಮೂಲಿ ಬಿಲ್ಡ್ ಇದಕ್ಕೆ ಸಾಲಲ್ಲ. ಲೈಬ್ರರಿಯನ್ನು ಕ್ಲ್ಯಾಂಗ್ ಕಂಪೈಲರ್‌ನಲ್ಲಿ ಬೇರೆಯೇ ಆಯ್ಕೆಗಳನ್ನು ಹಾಕಿ ಇನ್ನೊಮ್ಮೆ ಕಟ್ಟಬೇಕು. ದಾರಿ ಎಣಿಸೋ ಗುರುತುಗಳು ಬೇಕು, ನೆನಪಿನ ಗಡಿ ದಾಟಿದರೆ ತಕ್ಷಣ ಕೂಗಿಕೊಳ್ಳೋ ಅಡ್ರೆಸ್ ಸ್ಯಾನಿಟೈಸರ್ ಬೇಕು. ಗೆಳೆಯ ಇದನ್ನೆಲ್ಲ ಒಮ್ಮೆ ಕೈಯಾರೆ ಮಾಡಿದ್ದ. ಆಮೇಲೆ ಲೈಬ್ರರಿಯ ಒಂದು ಫಂಕ್ಷನ್‌ನ ಹೆಸರು ಬದಲಾಯಿಸಿದ. ಅಂದಿನಿಂದ ಫಝ್ ಟೆಸ್ಟ್ ಬಿಲ್ಡ್ ಆಗೋದೇ ನಿಂತಿತ್ತು. ಆದರೆ ಸ್ಕ್ರಿಪ್ಟ್‌ನಲ್ಲಿ "ಇದು ಸೋತರೂ ಮುಂದೆ ಹೋಗು" ಅಂತ ಒಂದು ಸಾಲಿತ್ತು. ಯಾವಾಗಲೋ ಅವಸರದಲ್ಲಿ ಅವನೇ ಹಾಕಿದ್ದು. ತಿಂಗಳುಗಟ್ಟಲೆ ಏನೂ ಓಡಿಲ್ಲ, ಹಸಿರು ಮಾತ್ರ ಬರ್ತಾ ಇತ್ತು.

ನಮ್ಮ ಕಾಮರ್ಸ್‌ನಲ್ಲಿ ಒಂದು ಪಾಠ ಇದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಯಿತು ಅಂದ ಮಾತ್ರಕ್ಕೆ ಲೆಕ್ಕ ಸರಿ ಇದೆ ಅಂತಲ್ಲ. ಒಂದು ವ್ಯವಹಾರವನ್ನು ಬರೆಯೋದನ್ನೇ ಮರೆತರೂ ಎರಡು ಕಡೆ ತಾಳೆಯಾಗುತ್ತೆ. ಇದೂ ಹಾಗೇ.

ನಾವು ಮಾಡಿದ ರಿಪೇರಿ ದೊಡ್ಡದೇನಲ್ಲ. ಕೋಡ್ ಬದಲಾದಾಗಲೆಲ್ಲ ಫಝ್ ಟೆಸ್ಟ್ ತಾನಾಗಿಯೇ ಬಿಲ್ಡ್ ಆಗಬೇಕು. ಆಗದಿದ್ದರೆ ಕೆಂಪು, ಮುಂದೆ ಹೋಗೋ ಹಾಗಿಲ್ಲ. ಬಿಲ್ಡ್ ಆದಮೇಲೆ ಹತ್ತು ನಿಮಿಷ ಓಡಬೇಕು, ರಾತ್ರಿ ಹೆಚ್ಚು ಹೊತ್ತು. ಕೊನೆಯಲ್ಲಿ ಎಷ್ಟು ಇನ್‌ಪುಟ್ ಪ್ರಯತ್ನಿಸಿತು ಅನ್ನೋ ಸಂಖ್ಯೆ ಕಾಣಬೇಕು. ಸೊನ್ನೆ ಇದ್ದರೆ ಅದೂ ಸೋಲೇ. ಹಿಂದೆ ಕ್ರ್ಯಾಶ್ ಮಾಡಿಸಿದ ಫೈಲ್‌ಗಳನ್ನು ಒಂದು ಫೋಲ್ಡರ್‌ನಲ್ಲಿಟ್ಟು, ಪ್ರತಿ ಸಲ ಮೊದಲು ಅವನ್ನೇ ಓಡಿಸಬೇಕು. ಮೊದಲ ರಾತ್ರಿಯೇ ಆ ಉದ್ದದ ತಪ್ಪು ಸಿಕ್ಕಿತು, ಅದರ ಜೊತೆ ನಮಗೆ ಗೊತ್ತೇ ಇಲ್ಲದ ಇನ್ನೊಂದೂ ಸಿಕ್ಕಿತು.

ದೊಡ್ಡ ಮಟ್ಟದಲ್ಲಿ ಈ ಕೆಲಸಕ್ಕೇ ಗೂಗಲ್ 2016ರಲ್ಲಿ ಓಎಸ್‌ಎಸ್-ಫಝ್ ಶುರು ಮಾಡಿತು. ಓಪನ್ ಸೋರ್ಸ್ ಲೈಬ್ರರಿಯವರು ಒಂದು ಬಿಲ್ಡ್ ಸ್ಕ್ರಿಪ್ಟ್ ಮತ್ತು ಒಂದೆರಡು ಫೈಲ್ ಕೊಟ್ಟರೆ, ಅವರ ಯಂತ್ರಗಳು ದಿನವೂ ಬಿಲ್ಡ್ ಮಾಡಿ ಫಝ್ ಮಾಡುತ್ತವೆ. ತಪ್ಪು ಸಿಕ್ಕರೆ ಮೇಲ್ ಹೋಗುತ್ತೆ.

ಅಂದಮೇಲೆ ನೆಮ್ಮದಿಯಾಗಿ ಮಲಗಬಹುದಾ? ಇಲ್ಲ. ಎಕ್ಸ್‌ಝಡ್ ಅನ್ನೋ ಕಂಪ್ರೆಷನ್ ಲೈಬ್ರರಿಯ ಕಥೆ ಕೇಳಿ. 2023ರ ಮಾರ್ಚ್‌ನಲ್ಲಿ, ಜಿಯಾ ಟಾನ್ ಅನ್ನೋ ಹೆಸರಿನಲ್ಲಿ ಕೆಲಸ ಮಾಡ್ತಿದ್ದವರು, ಓಎಸ್‌ಎಸ್-ಫಝ್‌ನ ತಪ್ಪಿನ ವರದಿಗಳು ತಮಗೇ ಬರೋ ಹಾಗೆ ಮಾಡಿಸಿಕೊಂಡರು. ಜುಲೈನಲ್ಲಿ ಫಝ್ ಬಿಲ್ಡ್‌ನಲ್ಲಿ ಒಂದು ಸೌಲಭ್ಯವನ್ನು ಆಫ್ ಮಾಡಿಸಿದರು. ಕೊಟ್ಟ ಕಾರಣ ಸಹಜವಾಗೇ ಇತ್ತು. ಮುಂದಿನ ವರ್ಷ ಅದೇ ಲೈಬ್ರರಿಯ ಆವೃತ್ತಿ 5.6.0ರಲ್ಲಿ ಹಿಂಬಾಗಿಲು ಬಂತು, ಅದು ಒಳನುಗ್ಗಿದ್ದು ಅದೇ ಸೌಲಭ್ಯದ ಮೂಲಕ. ಅದನ್ನು 2024ರ ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದ್ದು ಆಂಡ್ರೆಸ್ ಫ್ರಾಯಿಂಡ್ ಅನ್ನೋ ಇಂಜಿನಿಯರ್. ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗ್ತಿದೆಯಲ್ಲ, ಯಾಕೆ ಅಂತ ಅವರು ಹುಡುಕಿಕೊಂಡು ಹೋಗಿದ್ದರು.

ಆಫ್ ಮಾಡದೇ ಇದ್ದಿದ್ದರೆ ಫಝಿಂಗ್ ಅದನ್ನು ಹಿಡೀತಿತ್ತು ಅಂತ ನಾನು ಹೇಳ್ತಾ ಇಲ್ಲ. ನಾನು ಹೇಳೋದಿಷ್ಟೆ: ಯಾವುದು ಪರೀಕ್ಷೆಗೆ ಒಳಗಾಗುತ್ತೆ, ಯಾವುದು ಆಗಲ್ಲ ಅನ್ನೋದನ್ನು ತೀರ್ಮಾನಿಸೋದು ಬಿಲ್ಡ್ ಸ್ಕ್ರಿಪ್ಟ್. ಆದರೆ ಅದನ್ನು ಯಾರೂ ಕೋಡ್‌ನಷ್ಟು ಗಮನ ಕೊಟ್ಟು ಓದಲ್ಲ. ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ತಪ್ಪಿಲ್ಲ. ಆದರೆ ಆ ಸ್ಕ್ರಿಪ್ಟ್‌ನ ಒಂದು ಸಾಲು ಬದಲಾದರೂ ಇನ್ನೊಬ್ಬರು ಓದಲಿ. ಖಾತೆ ಬರೆಯೋರು ಒಬ್ಬರು, ಆಡಿಟ್ ಮಾಡೋರು ಇನ್ನೊಬ್ಬರು ಇರಬೇಕು ಅನ್ನೋದು ಅದಕ್ಕೇ ಅಲ್ವಾ?

ನೀವು ಯಾವುದಾದರೂ ಲೈಬ್ರರಿ ನೋಡಿಕೊಳ್ತಾ ಇದ್ದರೆ ಇವತ್ತೇ ಒಂದು ಕೆಲಸ ಮಾಡಿ. ಬೇಕಂತಲೇ ಒಂದು ತಪ್ಪು ಸೇರಿಸಿ, ಹಸಿರು ಟಿಕ್ ಕೆಂಪಾಗುತ್ತಾ ನೋಡಿ. ಆಗಲಿಲ್ಲ ಅಂದ್ರೆ ನಿಮ್ಮ ಪರೀಕ್ಷೆ ಓಡ್ತಾ ಇಲ್ಲ.

ಅಂದಹಾಗೆ, ಆ ಅತಿಥಿಯ ಫೈಲ್ ಈಗ ಗೆಳೆಯನ ಫೋಲ್ಡರ್‌ನಲ್ಲಿ ಒಂದನೇ ನಂಬರ್‌ನಲ್ಲಿದೆ, ದಿನಾ ಓಡುತ್ತೆ. ಮುಂದಿನ ವಾರ ಸಿಗೋಣ, ಈ ಸಲ ಹೇಳಿದ ದಿನಕ್ಕೇ.