ಓಡಿ ಹೋಗಬೇಡಿ, ಮೊದಲು ನಿಂತು ನೋಡಿ

ವಿಷದ ದಾಳಿ, ರಾಸಾಯನಿಕ ದಾಳಿ ಅಂದ ಕೂಡಲೇ ನಮ್ಮ ಕೋಲಾರದ ಕಡೆ ಜನ ಏನಂತಾರೆ? "ಅದೆಲ್ಲ ಸಿನಿಮಾದಲ್ಲಿ ಸ್ವಾಮಿ, ನಮಗ್ಯಾಕೆ?" ಅಂತಾರೆ. ಹಾಗಾದ್ರೆ ಸುಳ್ವಾಡಿಯನ್ನು ನೆನಪು ಮಾಡಿಕೊಳ್ಳಿ. 2018ರ ಡಿಸೆಂಬರ್ 14, ಚಾಮರಾಜನಗರ ಜಿಲ್ಲೆ, ಮಾರಮ್ಮನ ಗುಡಿ. ಪ್ರಸಾದಕ್ಕೆ ಬೆರೆಸಿದ್ದು ಮೋನೋಕ್ರೋಟೋಫಾಸ್, ಬೆಳೆಗೆ ಹೊಡೆಯೋ ಔಷಧಿ. 17 ಜೀವ ಹೋಯಿತು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಪ್ರಸಾದ ಕೆಟ್ಟ ವಾಸನೆ ಬರುತ್ತಿತ್ತು ಅಂತ ತಿಂದವರೇ ಆಮೇಲೆ ಹೇಳಿದರು. ದೇವರ ಪ್ರಸಾದ ನೋಡಿ, ಯಾರು ಬೇಡ ಅಂತಾರೆ?

ಈಗ ಟೋಕಿಯೊಗೆ ಬನ್ನಿ. 1995ರ ಮಾರ್ಚ್ 20ರಂದು ಅಲ್ಲಿನ ಮೆಟ್ರೊ ರೈಲುಗಳಲ್ಲಿ ಸರಿನ್ ಅನ್ನೋ ವಿಷ ಬಿಟ್ಟರು. ಸರಿನ್ ಯುದ್ಧಕ್ಕೆ, ಮೋನೋಕ್ರೋಟೋಫಾಸ್ ಹೊಲಕ್ಕೆ. ಆದರೆ ಎರಡೂ ಒಂದೇ ಕುಲದವು, ಆರ್ಗನೋಫಾಸ್ಫರಸ್ ಕುಲ. ದೇಹದ ಮೇಲೆ ತೋರಿಸೋ ಲಕ್ಷಣವೂ ಒಂದೇ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುತ್ತದೆ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ವಾಂತಿ, ಭೇದಿ, ಮಾಂಸಖಂಡ ಅದುರುವುದು, ಕೊನೆಗೆ ಉಸಿರೇ ನಿಲ್ಲುವುದು. ಮದ್ದೂ ಒಂದೇ: ಅಟ್ರೋಪಿನ್, ಜೊತೆಗೆ ಪಾಮ್.

ಟೊಮೆಟೊಗೆ ಔಷಧಿ ಹೊಡೆಯುತ್ತಾ ತಲೆ ಸುತ್ತಿ ಬಿದ್ದ ರೈತನನ್ನು ನಮ್ಮ ತಾಲ್ಲೂಕು ಆಸ್ಪತ್ರೆಯ ನರ್ಸಮ್ಮ ಕಂಡಿರುತ್ತಾರೆ. ಅಂದರೆ ಟೋಕಿಯೊ ದಾಳಿಯ ಗುರುತನ್ನು ಆಕೆ ಆಗಲೇ ಬಲ್ಲರು! ಒಬ್ಬ ಬಂದರೆ ಅದು ಕೇಸು. ಒಂದೇ ಜಾತ್ರೆಯಿಂದ, ಒಂದೇ ಬಸ್ಸಿನಿಂದ ಹತ್ತು ಜನ ಅದೇ ಪಾಪೆ, ಅದೇ ಜೊಲ್ಲಿನೊಂದಿಗೆ ಬಂದರೆ? ಅದು ಊಟ ಕೆಟ್ಟಿದ್ದಲ್ಲ. ಆ ಕ್ಷಣಕ್ಕೇ ಜಿಲ್ಲಾಸ್ಪತ್ರೆಗೆ ಫೋನ್ ಹೋಗಬೇಕು.

ಮೊದಲು ಬರುವವರೇ ಮೊದಲು ಬೀಳುತ್ತಾರೆ ಅನ್ನೋದು ಇನ್ನೊಂದು ಭಯ. ಟೋಕಿಯೊದಲ್ಲಿ ಸೋರುತ್ತಿದ್ದ ಪೊಟ್ಟಣ ತೆಗೆಯಲು ಹೋದ ನಿಲ್ದಾಣದ ಇಬ್ಬರು ನೌಕರರು ಸತ್ತರು. ರೋಗಿಗಳ ಬಟ್ಟೆಯಿಂದ ಎದ್ದ ಆವಿ ಕುಡಿದು ಡಾಕ್ಟರು, ನರ್ಸುಗಳಿಗೇ ಕಣ್ಣು ಮಂಜಾಯಿತು. ಅದಕ್ಕೇ ಬಟ್ಟೆ ಬಿಚ್ಚಿಸಿ, ನೀರು ಸುರಿದು, ಆಮೇಲೆ ಒಳಗೆ ಕರೆದೊಯ್ಯಿ ಅನ್ನೋದು.

ಇದನ್ನು ಈ ನಾಲ್ಕು ಊರಿನ ಹೆಸರು ಹಿಡಿದು ಯಾಕೆ ಹೇಳ್ತಿದ್ದೀನಿ? ಬೆಂಗಳೂರಿನಿಂದ ಚೆನ್ನೈ ಕಡೆಗೆ ಹೋಗುವ ಒಂದು ಹೆದ್ದಾರಿ ಕೋಲಾರ, ಮುಳಬಾಗಿಲು ದಾಟಿ ಹೋಗುತ್ತದೆ. ಮಾಲೂರಿನಲ್ಲಿ ಕಾರ್ಖಾನೆಗಳಿವೆ. ಶ್ರೀನಿವಾಸಪುರದ ಮಾವಿನ ತೋಪುಗಳಿಗೆ ಔಷಧಿ ಹೊಡೆಯದ ವರ್ಷ ಯಾವುದಿದೆ? ಹೆದ್ದಾರಿಯಲ್ಲಿ ಟ್ಯಾಂಕರ್ ಮಗುಚಿದರೆ ದಾಳಿಯೋ ಅಪಘಾತವೋ ಅಂತ ಪೊಲೀಸರು ಆಮೇಲೆ ಹೇಳಲಿ. 108ರ ಹುಡುಗ, ಅಗ್ನಿಶಾಮಕದವನು ಗಾಳಿ ಎತ್ತಲಿಂದ ಬೀಸುತ್ತಿದೆಯೋ ಆ ಕಡೆ, ದೂರದಲ್ಲೇ ಗಾಡಿ ನಿಲ್ಲಿಸಬೇಕು. ಟ್ಯಾಂಕರ್ ಮೇಲಿನ ನಾಲ್ಕಂಕಿ ನಂಬರ್ ಓದಬೇಕು. 1005 ಅಂದರೆ ಅಮೋನಿಯಾ, 1017 ಅಂದರೆ ಕ್ಲೋರಿನ್. ಸುತ್ತ ಹಕ್ಕಿ, ನಾಯಿ ಸತ್ತು ಬಿದ್ದಿವೆಯಾ? ನೆಲಕ್ಕಂಟಿ ಮಂಜಿನ ಥರ ಏನಾದರೂ ಹರಡ್ತಿದೆಯಾ? ಇಷ್ಟು ನೋಡೋಕೆ ಎರಡು ನಿಮಿಷ ಸಾಕು. ಆದರೆ ಆ ಎರಡು ನಿಮಿಷ ನಿಂತರೆ "ನಿಂತು ತಮಾಷೆ ನೋಡ್ತಿದ್ದಾನೆ" ಅಂತ ನಾವೇ ಕಲ್ಲು ಎತ್ತಿಕೊಳ್ತೀವಿ, ಮೊಬೈಲ್ ಹಿಡಿದು ಟ್ಯಾಂಕರ್ ಹತ್ತಿರಕ್ಕೇ ನುಗ್ಗುತ್ತೀವಿ.

ದಯವಿಟ್ಟು ಅವರನ್ನು ನಿಲ್ಲೋಕೆ ಬಿಡಿ. ನೀವು ಗಾಳಿಗೆ ಅಡ್ಡಲಾಗಿ ದೂರ ಸರಿಯಿರಿ. 112ಕ್ಕೆ ಫೋನ್ ಮಾಡಿ, ಆ ನಂಬರ್ ದೂರದಿಂದ ಕಂಡಿದ್ದರೆ ಅದನ್ನೂ ಹೇಳಿ.